ಹೆಸರು ಮಿಸ್‌ಮ್ಯಾಚ್: ತಪ್ಪು ದೊಡ್ಡಪ್ಪನದಲ್ಲ, ಫಾರ್ಮಿನದು

ವಿದ್ಯಾನಗರದವನು (ದಾವಣಗೆರೆ), ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಹನ್ನೆರಡು ವರ್ಷದಿಂದ ಪ್ರೋಗ್ರಾಮರ್. ಒಂಬತ್ತು ವರ್ಷ ಬೆಂಗಳೂರಿನಲ್ಲಿದ್ದೆ. ಈಗ ಮೂರು ವರ್ಷದಿಂದ ಇಲ್ಲೇ, ಮನೆಯಿಂದಲೇ ಕೆಲಸ.

ಮಾಯಕೊಂಡದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ಮೂರು ಎಕರೆಯಲ್ಲಿ ಮೆಕ್ಕೆಜೋಳ ಹಾಕುತ್ತಾರೆ. ಹೆಸರು ನಿಂಗಪ್ಪ ಅಂತಿಟ್ಟುಕೊಳ್ಳಿ. ಬೆಳೆ ಹಾನಿ ಪರಿಹಾರಕ್ಕೆ ಹಾಕಿದ ಅರ್ಜಿ ‘ಹೆಸರು ಹೊಂದಾಣಿಕೆಯಾಗಿಲ್ಲ’ ಅಂತ ಎರಡು ಸಲ ವಾಪಸ್ ಬಂತು. ಒಂದು ಕಚೇರಿಯಲ್ಲಿ ‘ಆಧಾರ್ ತಿದ್ದುಪಡಿ ಮಾಡಿಸಿಕೊಂಡು ಬನ್ನಿ’ ಅಂದರು. ತಿದ್ದುಪಡಿಗೆ ಹೋದರೆ ‘ಹೆಸರು ಸರಿಯಾಗೇ ಇದೆಯಲ್ಲಾ ಯಜಮಾನ್ರೇ, ಏನು ತಿದ್ದಲಿ?’ ಅಂತ ಅಲ್ಲಿಯವರು ಕೇಳಿದರು. ಎರಡೂ ಕಡೆಯವರು ನೋಡಿದ್ದು ಒಂದೇ ಹೆಸರು. ದೊಡ್ಡಪ್ಪನಿಗೆ ನಾಲ್ಕು ದಿನದ ಕೆಲಸ ಕೆಟ್ಟಿತು. ಬಸ್ಸು, ಜೆರಾಕ್ಸ್ ಖರ್ಚು ಬೇರೆ.

ಶುಕ್ರವಾರ ರಾತ್ರಿ ನಾನೇ ಕೂತು ನೋಡಿದೆ. ಆ ಪೋರ್ಟಲ್‌ನಲ್ಲಿ ಎರಡು ಹೆಸರೂ ಅಕ್ಕಪಕ್ಕ ಕಾಣುತ್ತವೆ. ಎಡಗಡೆ ನಿಂಗಪ್ಪ. ಬಲಗಡೆ ನಿ೦ಗಪ್ಪ. ನಿಮಗೇನಾದರೂ ವ್ಯತ್ಯಾಸ ಕಾಣಿಸಿತಾ? ನನಗೂ ಕಾಣಿಸಲಿಲ್ಲ. ಎರಡನ್ನೂ ಕಾಪಿ ಮಾಡಿ, ನಾಲ್ಕು ಸಾಲಿನ ಪ್ರೋಗ್ರಾಮ್ ಬರೆದು, ಒಂದೊಂದು ಅಕ್ಷರದ ಯೂನಿಕೋಡ್ ಸಂಖ್ಯೆ (ಕಂಪ್ಯೂಟರ್ ಆ ಅಕ್ಷರವನ್ನು ಗುರುತಿಸುವ ಸಂಖ್ಯೆ) ಪ್ರಿಂಟ್ ಮಾಡಿಸಿದೆ. ಎಡಗಡೆ ‘ನಿ’ ಆದಮೇಲೆ 3202 ಬಂತು. ಅದು ಅನುಸ್ವಾರ. ಬಲಗಡೆ ಅದೇ ಜಾಗದಲ್ಲಿ 3302 ಬಂತು. ಅದು ಕನ್ನಡದ ಅಂಕಿ ಸೊನ್ನೆ.

ಯಾರೋ ಯಾವತ್ತೋ ಅನುಸ್ವಾರದ ಬದಲು ಸೊನ್ನೆ ಒತ್ತಿದ್ದಾರೆ. ಎರಡೂ ಗುಂಡಗೆ, ಒಂದೇ ಥರ ಕಾಣುತ್ತವೆ. ಟೈಪ್ ಮಾಡಿದವರನ್ನು ನಾನು ಬೈಯಲ್ಲ. ದಿನಕ್ಕೆ ನೂರಾರು ಹೆಸರು ಕುಟ್ಟುವವರು ಅವರು. ಆದರೆ ಆ ತಂತ್ರಾಂಶ ಬರೆದವರು ನನ್ನ ಕಸುಬಿನವರು. ಹೆಸರಿನ ನಡುವೆ ಅಂಕಿ ಬರಲ್ಲ ಅಂತ ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಎಪ್ಪತ್ತು ವರ್ಷದ ಮನುಷ್ಯ ತನ್ನ ಹೆಸರೇ ತಪ್ಪು ಅಂದುಕೊಂಡು ಮನೆಗೆ ಬರುತ್ತಿರಲಿಲ್ಲ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ನಿಮ್ಮ ಮನೆಗಳಲ್ಲೂ ಹೀಗಾಗಿದ್ದರೆ ಬರೆಯಿರಿ. ಹೆಸರು ಮಾತ್ರ ಸಾಕು, ಆಧಾರ್ ನಂಬರ್ ಇಲ್ಲಿ ಹಾಕಬೇಡಿ.

ಜಗಳೂರು ಸೈಬರ್

ಅಣ್ಣಾ, ನಾನು ಸೈಬರ್ ಸೆಂಟರ್ ಇಟ್ಟು ಏಳು ವರ್ಷ ಆಯಿತು. ದಿನಾ ಇದೇ ಗೋಳು. ಸೊನ್ನೆಯ ವಿಷಯ ಇವತ್ತೇ ಗೊತ್ತಾಗಿದ್ದು. ಇಷ್ಟು ದಿನ ‘ಅಜ್ಜಾ, ಎರಡೂ ಸರಿ ಇದೆ, ಯಾಕೋ ತಗೊಳ್ತಿಲ್ಲ’ ಅಂತ ಹೇಳಿ ಕಳಿಸುತ್ತಿದ್ದೆ. ಎಷ್ಟು ಜನರನ್ನು ಹಾಗೆ ಕಳಿಸಿದ್ದೇನೋ ಅಂತ ನೆನೆಸಿಕೊಂಡು ಸಂಕಟ ಆಗುತ್ತಿದೆ.

ಇಂಗ್ಲಿಷ್ ಸ್ಪೆಲ್ಲಿಂಗ್ ಕಥೆ ಇನ್ನೂ ದೊಡ್ಡದು. ನಮ್ಮ ಕಡೆ, ಚಳ್ಳಕೆರೆ, ನಾಯಕನಹಟ್ಟಿ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ. ಮೊದಲ ಅಕ್ಷರದ ಪಕ್ಕ ಎಚ್ ಹಾಕುವವರು ಇದ್ದಾರೆ, ಹಾಕದವರು ಇದ್ದಾರೆ. ಪಿ ಒಂದೋ ಎರಡೋ. ಇ ಒಂದೋ ಎರಡೋ. ಕೊನೆಗೆ ವೈ ಇಲ್ಲ ಐ. ಲೆಕ್ಕ ಹಾಕಿ, ಅಲ್ಲಿಗೇ 16 ಥರ ಆಯಿತು. ‘ಸ್ವಾಮಿ’ ಮುಂಚೆ ಜಾಗ ಬಿಟ್ಟರೆ 32. ಇದರಲ್ಲಿ ಯಾವುದು ಸರಿ ಅಂತ ಅವರನ್ನು ಕೇಳಿದರೆ ‘ನಂಗೇನ್ ಗೊತ್ತಮ್ಮಾ, ನೀನೇ ಬರಿ’ ಅನ್ನುತ್ತಾರೆ. ಕನ್ನಡದಲ್ಲಿ ಅವರ ಹೆಸರು ಒಂದೇ ಥರ ಇದೆ ನೋಡಿ.

ಹೆಣ್ಣುಮಕ್ಕಳದ್ದು ಕೇಳಲೇ ಬೇಡಿ. ಶಾಲೆಯ ಟಿಸಿಯಲ್ಲಿ ಅಪ್ಪನ ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು, ಪಹಣಿಯಲ್ಲಿ ‘ಕೋಂ’ (ಇಂಥವರ ಹೆಂಡತಿ) ಅಂತ. 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತಲ್ಲ, ಆಗ ಬೆಳಿಗ್ಗೆ ಆರಕ್ಕೇ ಅಂಗಡಿ ಮುಂದೆ ಸಾಲು. ಎರಡು ಸಾವಿರ ರೂಪಾಯಿ ಅಂದರೆ ಆ ಸಾಲಿನಲ್ಲಿ ನಿಂತವರಿಗೆ ತಿಂಗಳ ರೇಷನ್ನು, ಮಕ್ಕಳ ಔಷಧಿ.

ಮೇಷ್ಟ್ರು, ಹೊಳಲ್ಕೆರೆ

ಈ ಚರ್ಚೆಗೆ ನನ್ನದೂ ಒಂದು ಮಾತು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದೆ. ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದವನು ನಾನೇ. ತಂದೆ ತಾಯಿ ಹೊಲಕ್ಕೆ ಹೋಗುವ ದಾರಿಯಲ್ಲಿ ಮಗುವನ್ನು ಬಿಟ್ಟು ಹೋಗುತ್ತಿದ್ದರು. ಹುಟ್ಟಿದ ದಿನ ಕೇಳಿದರೆ ‘ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಸಾರ್’ ಅನ್ನುತ್ತಿದ್ದರು. ನಾವು ಜೂನ್ 1 ಅಂತ ಬರೆದುಕೊಳ್ಳುತ್ತಿದ್ದೆವು. ನಮ್ಮ ಕಡೆ ಹಳೇ ತಲೆಮಾರಿನ ಅರ್ಧ ಊರಿಗೆ ಜೂನ್ 1ರಂದೇ ಹುಟ್ಟುಹಬ್ಬ.

ಹೆಸರೂ ಹಾಗೇ. ಮನೆಯಲ್ಲಿ ‘ಹಾಲಪ್ಪ’ ಅಂತ ಕರೆಯುವ ಹುಡುಗನಿಗೆ ಅಜ್ಜನ ಹೆಸರು ಸೇರಿಸಿ ಇನ್ನೇನೋ ಬರೆಸುತ್ತಿದ್ದರು. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಯಾವುದು ಮುಂದೆ ಯಾವುದು ಹಿಂದೆ ಅಂತ ನಿಯಮ ಇರಲಿಲ್ಲ. ಆ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದರೆ ಐವತ್ತು ವರ್ಷ ಆದಮೇಲೆ ಅವನ ಜಮೀನಿನ ದುಡ್ಡು ನಿಂತುಹೋಗುತ್ತದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಗೊತ್ತಿದ್ದರೆ ಇನ್ನೂ ನಿಧಾನವಾಗಿ ಬರೆಯುತ್ತಿದ್ದೆ.

ಹರಿಹರ ಕೌಂಟರ್

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಇನ್ನೊಂದು ಕಡೆಯನ್ನೂ ನೋಡಿ ಸರ್. ಒಂದೇ ಹಳ್ಳಿಯಲ್ಲಿ ಆರು ಜನ ಬಸವರಾಜಪ್ಪ ಇರುತ್ತಾರೆ. ಅದರಲ್ಲಿ ಇಬ್ಬರ ಅಪ್ಪನ ಹೆಸರೂ ಒಂದೇ. ‘ಹತ್ತಿರ ಹತ್ತಿರ ಇದ್ದರೆ ಸಾಕು’ ಅಂತ ಬಿಟ್ಟರೆ ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಹೋದ ದುಡ್ಡನ್ನು ವಾಪಸ್ ತರುವುದು ಎಷ್ಟು ಕಷ್ಟ ಅಂತ ಕೌಂಟರ್‌ನಲ್ಲಿ ಕೂತವನಿಗೇ ಗೊತ್ತು. ಕಂಪ್ಯೂಟರ್ ಕಟ್ಟುನಿಟ್ಟಾಗಿ ಇರಬೇಕು. ಕಟ್ಟುನಿಟ್ಟಿಲ್ಲದ ಕಾಲದಲ್ಲಿ ದುಡ್ಡು ತಿಂದವರು ಯಾರು ಅಂತ ಎಲ್ಲರಿಗೂ ಗೊತ್ತಿದೆ.

ವಿದ್ಯಾನಗರದವನು

ಹರಿಹರದ ಸರ್, ನಿಮ್ಮ ಮಾತು ಒಪ್ಪುತ್ತೇನೆ. ಬರೀ ಹೆಸರು ನೋಡಿ ದುಡ್ಡು ಕಳಿಸಬಾರದು. ಆದರೆ ಬರೀ ಹೆಸರು ನೋಡಿ ದುಡ್ಡು ನಿಲ್ಲಿಸುವುದೂ ಅಷ್ಟೇ ತಪ್ಪು ಅಲ್ವಾ? ಸರ್ವೆ ನಂಬರ್ ಇದೆ, ತಂದೆಯ ಹೆಸರಿದೆ, ಹುಟ್ಟಿದ ವರ್ಷ ಇದೆ, ಊರು ಇದೆ. ಆರು ಬಸವರಾಜಪ್ಪಂದಿರಲ್ಲಿ ಆ ಸರ್ವೆ ನಂಬರಿನವರು ಒಬ್ಬರೇ. ಎಲ್ಲವೂ ಕೂಡಿಬಂದು ಹೆಸರಿನಲ್ಲಿ ಒಂದು ಅಕ್ಷರ ಮಾತ್ರ ಬೇರೆ ಆದರೆ ಅರ್ಜಿ ಒಬ್ಬ ಮನುಷ್ಯನ ಮುಂದೆ ಹೋಗಬೇಕು. ಅವರು ಕಣ್ಣಾರೆ ನೋಡಿ, ತಮ್ಮ ಲಾಗಿನ್‌ನಲ್ಲಿ ಒಪ್ಪಿಗೆ ಕೊಡಬೇಕು. ಯಾರು ಒಪ್ಪಿದರು, ಯಾವಾಗ ಒಪ್ಪಿದರು ಅಂತ ದಾಖಲೆ ಉಳಿಯಬೇಕು. ಆಗ ನೀವು ಹೇಳುವ ಕಳ್ಳತನಕ್ಕೂ ಜಾಗ ಇರಲ್ಲ.

ಇನ್ನೊಂದು ಸಣ್ಣ ಕೆಲಸ ಇದೆ, ಅರ್ಧ ದಿನದ್ದು. ‘ಹೊಂದಾಣಿಕೆಯಾಗಿಲ್ಲ’ ಅಂತ ಹೇಳುವ ಜಾಗದಲ್ಲಿ ಯಾವ ಅಕ್ಷರ ಬೇರೆ ಇದೆ ಅಂತ ಕೆಂಪು ಬಣ್ಣದಲ್ಲಿ ತೋರಿಸಿ. ಜಗಳೂರಿನ ಅಕ್ಕ ಏಳು ವರ್ಷ ಕತ್ತಲಲ್ಲಿ ತಡಕಾಡಿದ್ದು ಅದಿಲ್ಲದ್ದಕ್ಕೆ.

ಮೇಷ್ಟ್ರೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ಬರೆದದ್ದು ಮನುಷ್ಯರು ಓದುವುದಕ್ಕೆ. ಓದಿದವರಿಗೆ ಅದು ಅರ್ಥವೂ ಆಗುತ್ತಿತ್ತು.

ಅಡಿಕೆ ತೋಟ, ಚನ್ನಗಿರಿ

ತಂತ್ರಜ್ಞಾನ ಬಂದದ್ದೇ ತಪ್ಪು ಅನ್ನುವ ಥರ ಮಾತು ಹೋಗಬಾರದು. ನಮ್ಮ ಅಪ್ಪ ಒಂದು ಪಹಣಿಗೆ ವಾರಗಟ್ಟಲೆ ತಿರುಗಿದ್ದನ್ನು ನಾನು ಕಂಡಿದ್ದೇನೆ. ಬರೆದುಕೊಡುವವರ ಕೈ ಬಿಸಿ ಮಾಡದೆ ಕಾಗದ ಸಿಗುತ್ತಿರಲಿಲ್ಲ. ಭೂಮಿ ಯೋಜನೆ ಬಂದಮೇಲೆ ಕಿಟಕಿಯಲ್ಲಿ ದುಡ್ಡು ಕೊಟ್ಟರೆ ಅಲ್ಲೇ ಪ್ರಿಂಟ್ ಕೈಗೆ ಬಂತು. ಅದನ್ನು ಮರೆಯಬೇಡಿ.

ಒಂದು ಕಷ್ಟ ಮಾತ್ರ ನನಗೂ ಇದೆ. ನಮ್ಮ ತೋಟದಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಹೆಬ್ಬೆಟ್ಟು ಯಂತ್ರ ತಗೊಳ್ಳಲ್ಲ. ಸುಲಿದು ಸುಲಿದು ಬೆರಳು ನುಣ್ಣಗಾಗಿದೆ, ಕರೆ ಬೇರೆ ಹಿಡಿದಿರುತ್ತದೆ. ‘ಎಣ್ಣೆ ಹಚ್ಚಿ ಒರೆಸಿ ಇಡಿ’ ಅನ್ನುತ್ತಾರೆ. ನಾಲ್ಕು ಸಲ ಇಟ್ಟರೂ ಕೆಂಪು ದೀಪವೇ.

ವಿದ್ಯಾನಗರದವನು

ಖಂಡಿತ ಮರೆಯಲ್ಲ. ಪ್ರೋಗ್ರಾಮರ್ ಆಗಿ ನನಗೆ ಹೆಮ್ಮೆ ಅನ್ನಿಸುವ ಕೆಲಸಗಳಲ್ಲಿ ಭೂಮಿ ಒಂದು. 2000ದ ಇಸವಿಯ ಆಸುಪಾಸಿನಲ್ಲಿ, ಹಳ್ಳಿಗಳಲ್ಲಿ ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದೂ ಕನ್ನಡದಲ್ಲೇ. ಪಹಣಿಯಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ ಅಂತ ನಮ್ಮ ಜನ ಹೆಸರು ಹೇಳಿಕೊಳ್ಳುವ ರೀತಿಗೆ ಅದು ಹೊಂದಿಕೊಂಡಿತು.

ಆಮೇಲೆ ಬಂದ ಎಷ್ಟೋ ಫಾರ್ಮುಗಳು ಆ ದಾರಿ ಹಿಡಿಯಲಿಲ್ಲ. ಫಸ್ಟ್ ನೇಮ್, ಲಾಸ್ಟ್ ನೇಮ್, ಎರಡಕ್ಕೂ ಕೆಂಪು ಚುಕ್ಕೆ, ಖಾಲಿ ಬಿಟ್ಟರೆ ಮುಂದೆ ಹೋಗಲ್ಲ. ನಮ್ಮ ದೊಡ್ಡಪ್ಪನಿಗೆ ಲಾಸ್ಟ್ ನೇಮ್ ಅಂತ ಯಾವುದೂ ಇಲ್ಲ. ಆಪರೇಟರ್ ಏನೋ ಒಂದು ತುಂಬಿದರು. ಪಹಣಿಯಲ್ಲಿ ‘ನಿಂಗಪ್ಪ ಬಿನ್ ಹನುಮಂತಪ್ಪ’ ಇದ್ದವರು ಒಂದು ಕಡೆ ‘ನಿಂಗಪ್ಪ ಎಚ್’, ಇನ್ನೊಂದು ಕಡೆ ‘ಎಚ್ ನಿಂಗಪ್ಪ’, ಮತ್ತೊಂದು ಕಡೆ ‘ನಿಂಗಪ್ಪ ನಿಂಗಪ್ಪ’ ಆಗಿದ್ದಾರೆ. ಒಬ್ಬ ಮನುಷ್ಯನನ್ನು ಮೂವರು ಮಾಡಿ, ಈಗ ಒಬ್ಬನೇ ಅಂತ ಸಾಬೀತು ಮಾಡಿ ಬನ್ನಿ ಅಂದರೆ ಅವರು ಎಲ್ಲಿಗೆ ಹೋಗಬೇಕು?

ಬೆರಳಿನ ವಿಷಯ ನಿಜ. ಕೈಕೆಲಸ ಮಾಡುವವರ ರೇಖೆ ಸವೆಯುತ್ತದೆ. ಕಣ್ಣಿನ ಐರಿಸ್, ಮುಖ ನೋಡಿ ಗುರುತಿಸುವುದು ಇವೆಲ್ಲ ಇವೆ. ಅದಕ್ಕೆ ಬೇಕಾದ ಯಂತ್ರ ಕೌಂಟರ್‌ನಲ್ಲಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಸುಮ್ನೆ ಅವರ ಒಂದು ದಿನದ ಕೂಲಿ ಹಾಳಾಗುವುದು ಬೇಡ.

ದುರ್ಗದ ವಿದ್ಯಾರ್ಥಿನಿ

ಸರ್, ನಾನು ಚಿತ್ರದುರ್ಗದವಳು, ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷ. ನಮ್ಮ ಕ್ಲಾಸಿನಲ್ಲಿ ಎಲ್ಲರೂ ಪ್ರಾಜೆಕ್ಟಿಗೆ ಚಾಟ್‌ಬಾಟ್ ತಗೊಂಡಿದ್ದಾರೆ. ಕನ್ನಡ ಹೆಸರುಗಳನ್ನು ಹೋಲಿಸುವ ಪ್ರೋಗ್ರಾಮ್ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ವಿದ್ಯಾನಗರದವನು

ಮಾಡಮ್ಮಾ, ದಯವಿಟ್ಟು ಮಾಡು. ಈ ಚರ್ಚೆ ಶುರು ಮಾಡಿದ್ದಕ್ಕೆ ಇದೊಂದೇ ಸಾಕು.

ಮೊದಲು ಸ್ವಚ್ಛ ಮಾಡುವ ಕೆಲಸ. ‘ಕೊ’ ಬರೆಯುವಾಗ ಒತ್ವದ ಗುರುತು ಒಂದೇ ಸಂಖ್ಯೆಯಾಗಿ, 3274 ಅಂತ ಇರಬಹುದು. ಇಲ್ಲವೇ 3270, 3266 ಅಂತ ಎರಡು ತುಂಡಾಗಿ ಇರಬಹುದು. ಕಣ್ಣಿಗೆ ಒಂದೇ. ಇದನ್ನು ಯೂನಿಕೋಡ್ ನಾರ್ಮಲೈಸೇಷನ್ ಸರಿ ಮಾಡುತ್ತದೆ. ಪೈಥಾನ್‌ನಲ್ಲಿ ಒಂದೇ ಸಾಲು. ಆಮೇಲೆ ಕಣ್ಣಿಗೆ ಕಾಣದ 8204, 8205 ಅನ್ನುವ ಎರಡು ಅಕ್ಷರ ಇವೆ. ‘ರಾಜ್‌ಕುಮಾರ್’ ಅಂತ ಬಿಡಿಸಿ ಬರೆಯಲು, ಅರ್ಕಾವತ್ತು ಬೇಡ ಅಂದಾಗ ಬಳಸುತ್ತೇವೆ. ಹೋಲಿಸುವಾಗ ಮಾತ್ರ ಅವನ್ನು ತೆಗೆದುಬಿಡು. ಹೆಸರಿನ ಒಳಗೆ ಸೊನ್ನೆ ಕಂಡರೆ ಅನುಸ್ವಾರ ಮಾಡು. ಇದನ್ನು ನಾರ್ಮಲೈಸೇಷನ್ ಮಾಡಲ್ಲ, ನೀನೇ ಬರೆಯಬೇಕು.

ಆಮೇಲೆ ಹತ್ತಿರದ ಅಕ್ಷರಗಳು. ಸೌಂಡೆಕ್ಸ್ ಅಂತ, ಒಂದೇ ಥರ ಕೇಳಿಸುವ ಹೆಸರುಗಳನ್ನು ಜೋಡಿಸುವ ಒಂದು ವಿಧಾನ ಪುಸ್ತಕದಲ್ಲಿ ಸಿಗುತ್ತದೆ. ಅದು 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದದ್ದು, ಇಂಗ್ಲಿಷ್ ಉಚ್ಚಾರಣೆಗೆ ಅಂತ ಮಾಡಿದ್ದು. ಅದರ ಕೋಷ್ಟಕ ನಮಗೆ ಆಗಿಬರಲ್ಲ, ಅದರ ಯೋಚನೆ ಮಾತ್ರ ತಗೋ. ಲ ಮತ್ತು ಳ, ನ ಮತ್ತು ಣ, ಶ ಷ ಸ, ತ ಮತ್ತು ಥ, ಹ್ರಸ್ವ ದೀರ್ಘ, ಒಂಟಿ ಅಕ್ಷರ ಒತ್ತಕ್ಷರ. ಇಂಗ್ಲಿಷಿಗೆ ಹೋಗಿ ವಾಪಸ್ ಬಂದ ಹೆಸರುಗಳು ಕೆಡುವುದು ಇಲ್ಲೇ. ಹೊನ್ನಾಳಿ ಹೋಗಿ ‘ಹೊನ್ನಲಿ’ ಆಗಿ ಬರುತ್ತದೆ. ಇಂಥ ಜೋಡಿ ಬದಲಾದರೆ ಕಡಿಮೆ ದಂಡ (ವ್ಯತ್ಯಾಸದ ಅಂಕ), ಪೂರ್ತಿ ಬೇರೆ ಅಕ್ಷರ ಆದರೆ ಜಾಸ್ತಿ ದಂಡ ಅಂತ ಲೆಕ್ಕ ಹಾಕು. ಯೂನಿಕೋಡ್ ಸಂಖ್ಯೆ ಎಣಿಸಬೇಡ, ಇಡೀ ಗುಣಿತಾಕ್ಷರವನ್ನು ಒಂದು ಘಟಕ ಅಂತ ಹಿಡಿ. ‘ಪ್ಪೇ’ ಅನ್ನುವುದು ನಮ್ಮ ಬಾಯಿಗೆ ಒಂದೇ ಅಕ್ಷರ ತಾನೇ?

ಹೆಸರುಗಳ ಪಟ್ಟಿ ಬೇಕು ಅಂದರೆ ಮೇಷ್ಟ್ರನ್ನು ಕೇಳು.

ಮೇಷ್ಟ್ರು, ಹೊಳಲ್ಕೆರೆ

ಕೊಡುತ್ತೇನೆ ಮಗಳೇ. ಕೂತು ನೆನೆಸಿಕೊಂಡರೆ ಸಾವಿರ ಹೆಸರು ಬರೆಯಬಲ್ಲೆ. ಯಾವ ಹೆಸರನ್ನು ನಮ್ಮ ಜನ ಎಷ್ಟು ಥರ ಹೇಳುತ್ತಾರೆ ಅಂತಲೂ ಪಕ್ಕದಲ್ಲಿ ಬರೆಯುತ್ತೇನೆ. ಓಬಳೇಶ, ಓಬಯ್ಯ, ಓಬಣ್ಣ, ಒಬ್ಬನೇ ಮನುಷ್ಯನನ್ನು ಮೂರೂ ಕರೆಯುತ್ತಾರೆ.

ಊರು ಬಿಟ್ಟವನು, ಬೆಂಗಳೂರು

ನಾನು ಚಿತ್ರದುರ್ಗದವನು. ನನ್ನ ಕಚೇರಿಯ ಬ್ಯಾಡ್ಜಿನಲ್ಲಿ ಲಾಸ್ಟ್ ನೇಮ್ ಜಾಗದಲ್ಲಿ ನಮ್ಮ ಊರಿನ ಹೆಸರಿದೆ. ಹತ್ತು ವರ್ಷದಿಂದ ಜನ ನನ್ನನ್ನು ಊರಿನ ಹೆಸರು ಹಿಡಿದು ಕರೆಯುತ್ತಾರೆ. ಅಮ್ಮನ ಖಾತೆಗೆ ನನ್ನ ಫೋನ್ ನಂಬರ್ ಕೊಟ್ಟಿದ್ದೇನೆ. ಅವರು ಕೌಂಟರ್ ಮುಂದೆ ನಿಂತಾಗ ಒಟಿಪಿ ನನಗೆ ಬರುತ್ತದೆ, ನಾನು ಮೀಟಿಂಗ್‌ನಲ್ಲಿರುತ್ತೇನೆ. ಅವರು ಕಾದು ಕಾದು ಮನೆಗೆ ಹೋಗುತ್ತಾರೆ.

ನೀವು ವಾಪಸ್ ಹೋಗಿದ್ದೀರಲ್ಲ, ಅದು ದೊಡ್ಡದು. ನಾನೂ ಬರಬೇಕು.

ಒಂದೇ ಮನವಿ, ಇದರಲ್ಲಿ ರಾಜಕೀಯ ತರಬೇಡಿ. ಅವರು ಇವರು ಅಂತ ಶುರುವಾದರೆ ಚರ್ಚೆ ಹಾಳಾಗುತ್ತದೆ.

ವಿದ್ಯಾನಗರದವನು

ಪಕ್ಷದ ಜಗಳ ನನಗೂ ಬೇಡ. ಆದರೆ ರಾಜಕೀಯ ಬಿಟ್ಟು ಈ ವಿಷಯ ಮಾತಾಡೋಕೆ ನನಗೆ ಬರಲ್ಲ. ಫಾರ್ಮ್ ಯಾವ ಭಾಷೆಯಲ್ಲಿರಬೇಕು, ತಪ್ಪಾದರೆ ಯಾರು ಓಡಾಡಬೇಕು, ಟೆಂಡರ್ ಪತ್ರದಲ್ಲಿ ‘ಕನ್ನಡ ಹೆಸರು ಸರಿಯಾಗಿ ಹೋಲಿಸಬೇಕು’ ಅಂತ ಒಂದು ಷರತ್ತು ಇರಬೇಕಾ ಬೇಡವಾ, ಇದನ್ನೆಲ್ಲ ನಿರ್ಧರಿಸುವವರು ನಾವು ಓಟು ಹಾಕಿ ಕಳಿಸಿದವರು, ಅವರ ಕೆಳಗಿನ ಅಧಿಕಾರಿಗಳು. ಆ್ಯಪ್ ಉದ್ಘಾಟನೆಗೆ ಎಲ್ಲ ಪಕ್ಷದವರೂ ಬರುತ್ತಾರೆ. ಆರು ತಿಂಗಳಾದ ಮೇಲೆ ಎಷ್ಟು ಅರ್ಜಿ ಹೆಸರಿನ ಕಾರಣಕ್ಕೇ ವಾಪಸ್ ಹೋದವು ಅಂತ ಕೇಳುವವರು ಬೇಕು. ನಾವು ಕೇಳೋಣ.

ಕೇಳಲು ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ, 150 ಪದದ ಒಳಗೆ ಇರಬೇಕು. ಹಾಗಾಗಿ ಒಂದೇ ಪ್ರಶ್ನೆ ಹಾಕುತ್ತೇನೆ: ನಮ್ಮ ತಾಲೂಕಿನಲ್ಲಿ ಹೆಸರು ಹೊಂದಾಣಿಕೆ ಇಲ್ಲದೆ ತಿರಸ್ಕಾರವಾದ ಅರ್ಜಿ ಎಷ್ಟು? ಸಕಾಲಕ್ಕೆ (ಸರ್ಕಾರಿ ಸೇವೆ ಇಂತಿಷ್ಟು ದಿನದಲ್ಲಿ ಕೊಡಬೇಕು ಅನ್ನುವ ಕಾಯ್ದೆ) ಸೇರಿದ ಸೇವೆ ಆದರೆ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ನಂಬರ್ ಕೇಳಿ ತಗೊಳ್ಳಿ. 2011ರ ಆ ಕಾಯ್ದೆಯಲ್ಲಿ ತಡ ಆದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ದುಡ್ಡು ಸಣ್ಣದು, ಆದರೆ ತಡ ಆಯಿತು ಅಂತ ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆ.

ಹರಿಹರ ಕೌಂಟರ್

ಮಾಹಿತಿ ಹಕ್ಕಿನ ಅರ್ಜಿ ಬರೆಯುವಾಗ ನನಗೂ ಒಮ್ಮೆ ತೋರಿಸಿ. ಯಾವ ಪದ ಹಾಕಿದರೆ ‘ಮಾಹಿತಿ ಲಭ್ಯವಿಲ್ಲ’ ಅಂತ ತಳ್ಳಿಹಾಕುತ್ತಾರೆ ಅಂತ ನನಗೆ ಗೊತ್ತು. ‘ತಿರಸ್ಕಾರ’ ಅಂತ ಮಾತ್ರ ಅನ್ನಬೇಡಿ, ‘ಹಿಂದಿರುಗಿಸಲಾದ’ ಅಂತಲೂ ಸೇರಿಸಿ. ಎಷ್ಟೋ ಕಡೆ ಅವೆರಡೂ ಬೇರೆ ಬೇರೆ ಲೆಕ್ಕದಲ್ಲಿರುತ್ತವೆ.

ವಿದ್ಯಾನಗರದವನು, ಬುಧವಾರ ರಾತ್ರಿ

ಸರ್, ತುಂಬಾ ಉಪಕಾರ ಆಯಿತು. ಸೇರಿಸಿದ್ದೇನೆ, ಕಳಿಸುತ್ತೇನೆ.

ಒಂದು ಸಣ್ಣ ಪುಟ ಮಾಡಿದ್ದೇನೆ. ಎರಡು ಹೆಸರು ಅಂಟಿಸಿದರೆ ಯಾವ ಅಕ್ಷರ ಬೇರೆ ಅಂತ ಕೆಂಪಾಗಿ ತೋರಿಸುತ್ತದೆ. ಹೆಸರು ಎಲ್ಲೂ ಹೋಗಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಜಗಳೂರಿನ ಅಕ್ಕನಿಗೆ ಕಳಿಸಿದ್ದೇನೆ. ಬೇಕಾದವರು ಹೇಳಿ, ಕೋಡ್ ಸಮೇತ ಕೊಡುತ್ತೇನೆ.

ಜಗಳೂರು ಸೈಬರ್, ಶನಿವಾರ

ಅಣ್ಣಾ, ಮೂರು ದಿನದಲ್ಲಿ ವಾಪಸ್ ಬಂದಿದ್ದ ಹನ್ನೊಂದು ಅರ್ಜಿ ನೋಡಿದೆ. ನಾಲ್ಕರಲ್ಲಿ ಸೊನ್ನೆ ಇತ್ತು. ಒಂದರಲ್ಲಿ ಹೆಸರಿನ ಕೊನೆಗೆ ಸುಮ್ನೆ ಒಂದು ಖಾಲಿ ಜಾಗ. ಅರ್ಜಿಯಲ್ಲಿ ನಮ್ಮ ಕೈಯಲ್ಲೇ ತಿದ್ದುವಂಥವು ಮೂರು ಇದ್ದವು, ತಿದ್ದಿ ಹಾಕಿದೆ, ಮೂರೂ ಒಳಗೆ ಹೋದವು. ಉಳಿದ ಸೊನ್ನೆಗಳು ಹಳೇ ದಾಖಲೆಯಲ್ಲೇ ಇವೆ. ಅದಕ್ಕೆ ಪ್ರಿಂಟ್ ತೆಗೆದು, ಕೆಂಪು ಅಕ್ಷರಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ‘ಇದನ್ನು ಸಾಹೇಬರಿಗೆ ತೋರಿಸಿ’ ಅಂತ ಕಳಿಸಿದ್ದೇನೆ. ಒಬ್ಬ ಅಜ್ಜಿ ಆ ಕಾಗದವನ್ನು ಮಡಿಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಹೋದರು.

ಒಂದು ಅರ್ಜಿ ಮಾತ್ರ ತಿಳಿಯುತ್ತಿಲ್ಲ. ನಿಮ್ಮ ಪುಟದಲ್ಲಿ ಎರಡೂ ಹೆಸರು ಒಂದೇ ಅನ್ನುತ್ತದೆ, ಪೋರ್ಟಲ್ ಒಪ್ಪುತ್ತಿಲ್ಲ. ಆ ಅರ್ಜಿ ಹಾಕಿದವರ ದೊಡ್ಡಪ್ಪನ ಮಗನ ಹೆಸರೂ ಅದೇ ಅಂತೆ. ನಿಮ್ಮ ದೊಡ್ಡಪ್ಪನದು ಏನಾಯಿತು?

ವಿದ್ಯಾನಗರದವನು, ಶನಿವಾರ ರಾತ್ರಿ

ನಮ್ಮದು ಇನ್ನೂ ಆಗಿಲ್ಲ. ಸೋಮವಾರ ರಜೆ ಹಾಕಿ ದೊಡ್ಡಪ್ಪನ ಜೊತೆ ನಾನೇ ಹೋಗುತ್ತಿದ್ದೇನೆ. ಸುತ್ತು ಹಾಕಿದ ಪ್ರಿಂಟ್ ಒಳ್ಳೇ ಉಪಾಯ, ನಾನೂ ಹಾಗೇ ಮಾಡುತ್ತೇನೆ. ಆ ಅರ್ಜಿಯಲ್ಲಿ ತಂದೆಯ ಹೆಸರನ್ನೂ ಹೋಲಿಸುತ್ತಿದ್ದಾರಾ ನೋಡು ಅಕ್ಕಾ. ನಂಬರ್‌ಗಳನ್ನೆಲ್ಲ ಮುಚ್ಚಿ ಒಂದು ಫೋಟೋ ಕಳಿಸು, ಊಟ ಮುಗಿಸಿ ನೋಡುತ್ತೇನೆ.